ರೆಸಿಪಿಯಲ್ಲಿ 8 ಇಂಚು, ಕೈಯಲ್ಲಿರುವುದು 9 ಇಂಚು: ಕೇಕ್ ಟಿನ್ ಬದಲಾದಾಗ ಯಾವ ದಾರಿ?

‘8 ಇಂಚಿನ ಟಿನ್’ ಎಂದು ರೆಸಿಪಿಯಲ್ಲಿ ಓದಿ, ಕಪಾಟಿನಲ್ಲಿದ್ದ 8 ಇಂಚಿನ ಚೌಕದ ಟಿನ್ನಿಗೆ ಮಿಶ್ರಣ ಸುರಿದರೆ ಕೇಕು ತೆಳ್ಳಗೆ, ಅಂಚೆಲ್ಲ ಗಟ್ಟಿಯಾಗಿ ಬರುತ್ತದೆ. ರೆಸಿಪಿ ಬರೆದವರ ಮನಸ್ಸಿನಲ್ಲಿದ್ದದ್ದು ದುಂಡನೆಯ ಟಿನ್. ಎರಡರ ಮೇಲೂ 8 ಇಂಚು ಎಂದೇ ಇದ್ದರೂ ಚೌಕದ ತಳ ದುಂಡನೆಯದಕ್ಕಿಂತ ಶೇಕಡಾ 27ರಷ್ಟು ದೊಡ್ಡದು. ಅಷ್ಟೇ ಮಿಶ್ರಣ ಹೆಚ್ಚು ಅಗಲಕ್ಕೆ ಹರಡಿಕೊಂಡಾಗ ದಪ್ಪ ಇಳಿಯುತ್ತದೆ, ಬೇಗ ಬೇಯುತ್ತದೆ. ರೆಸಿಪಿಯ ಸಮಯವನ್ನೇ ನಂಬಿ ಓವನ್ನಿನಲ್ಲಿ ಬಿಟ್ಟರೆ ಒಣಗುತ್ತದೆ.

ಟಿನ್ ಬದಲಿಸುವಾಗ ಕಾಪಾಡಿಕೊಳ್ಳಬೇಕಾದದ್ದು ಈ ದಪ್ಪವನ್ನೇ: ಹಸಿ ಮಿಶ್ರಣ ಟಿನ್ನಿನೊಳಗೆ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದನ್ನು. ದುಂಡಗಿರಲಿ, ಚೌಕವಿರಲಿ, ಉದ್ದವಿರಲಿ, ಎತ್ತರ ಒಂದೇ ಇದ್ದರೆ ರೆಸಿಪಿಯ ಶಾಖ ಮತ್ತು ಸಮಯ ಬಹುಪಾಲು ಹಾಗೆಯೇ ನಡೆಯುತ್ತವೆ. ಎತ್ತರ ಬದಲಾದರೆ ಎರಡನ್ನೂ ತಿದ್ದಬೇಕಾಗುತ್ತದೆ. ಮುಂದಿನ ಆಯ್ಕೆಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

ಮೊದಲು ನಿಮ್ಮ ಟಿನ್ನನ್ನು ಅಳೆಯಿರಿ

ಟಿನ್ನಿನ ತಳದಲ್ಲಿ ಅಚ್ಚೊತ್ತಿದ ಸಂಖ್ಯೆಯನ್ನು ನಂಬಿ ಕೂರಬೇಡಿ. ಕೆಲವು ತಯಾರಕರು ಹೊರ ಅಂಚಿನಿಂದ ಅಳೆದಿರುತ್ತಾರೆ, ಕೆಲವರು ಹಿಡಿಕೆಯನ್ನೂ ಸೇರಿಸಿರುತ್ತಾರೆ. ಸ್ಕೇಲನ್ನು ಒಳ ಬದಿಯಿಂದ ಒಳ ಬದಿಗೆ ಇಟ್ಟು ಅಳೆಯಿರಿ. ಬದಿಗಳು ಓರೆಯಾಗಿದ್ದರೆ ಮೇಲಿನ ಅಳತೆಯೂ ಬೇಡ, ತಳದ್ದೂ ಬೇಡ, ನಡು ಎತ್ತರದಲ್ಲಿ ಅಳೆಯಿರಿ. ಎತ್ತರವನ್ನು ಟಿನ್ನಿನ ಒಳಗೆ ಸ್ಕೇಲನ್ನು ನೇರವಾಗಿ ನಿಲ್ಲಿಸಿ ನೋಡಿ.

ಹೂವಿನಾಕಾರ, ಹೃದಯದಾಕಾರ, ನಡುವೆ ಕೊಳವೆಯಿರುವ ಬಂಟ್ ಟಿನ್ ಇಂಥವಕ್ಕೆ ಸೂತ್ರ ಹುಡುಕುವುದಕ್ಕಿಂತ ನೀರು ತುಂಬಿ ನೋಡುವುದು ಸುಲಭ. ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದ ಮೇಲೆ ಖಾಲಿ ಟಿನ್ ಇಡಿ, ಸೊನ್ನೆಗೆ ತನ್ನಿ, ಕಂಠಮಟ್ಟ ನೀರು ತುಂಬಿ. ನೀರು ಒಂದು ಗ್ರಾಂ ತೂಗಿದರೆ ಒಂದು ಮಿಲಿಲೀಟರ್. ಹಾಗಾಗಿ ಯಂತ್ರ ತೋರಿಸುವ ಗ್ರಾಂ ಸಂಖ್ಯೆಯೇ ಟಿನ್ನಿನ ಅಳವಿ. 2 ಇಂಚು ಎತ್ತರದ 8 ಇಂಚಿನ ದುಂಡನೆ ಟಿನ್ ಸುಮಾರು 1,650 ಮಿ.ಲೀ. ಹಿಡಿಯುತ್ತದೆ, 9 ಇಂಚಿನದು 2,080 ಮಿ.ಲೀ., 8 ಇಂಚಿನ ಚೌಕ 2,100 ಮಿ.ಲೀ. ಯಂತ್ರದ ಗರಿಷ್ಠ ತೂಕ ಕಡಿಮೆಯಿದ್ದರೆ ಅಳತೆಯ ಜಗ್ಗಿನಿಂದ ಎಣಿಸುತ್ತ ಸುರಿಯಿರಿ. ತಳ ಬೇರ್ಪಡುವ ಟಿನ್ನಿನಲ್ಲಿ ನೀರು ನಿಲ್ಲುವುದಿಲ್ಲ, ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ ತುಂಬಿ.

ಸಾಮಾನ್ಯ ಟಿನ್ನುಗಳ ತಳದ ವಿಸ್ತೀರ್ಣ, ಚದರ ಇಂಚಿನಲ್ಲಿ, ಹತ್ತಿರದ ಪೂರ್ಣ ಸಂಖ್ಯೆಗೆ:

ದುಂಡನೆ: 6 ಇಂಚು – 28, 7 ಇಂಚು – 38, 8 ಇಂಚು – 50, 9 ಇಂಚು – 64, 10 ಇಂಚು – 79
ಚೌಕ: 6 ಇಂಚು – 36, 7 ಇಂಚು – 49, 8 ಇಂಚು – 64, 9 ಇಂಚು – 81, 10 ಇಂಚು – 100
ಆಯತ: 9×13 ಇಂಚು – 117, 10×15 ಇಂಚಿನ ತೆಳು ಟ್ರೇ – 150

ಈ ಸಾಲುಗಳನ್ನು ಒಮ್ಮೆ ನಿಧಾನವಾಗಿ ನೋಡಿದರೆ ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. 9 ಇಂಚಿನ ದುಂಡು ಮತ್ತು 8 ಇಂಚಿನ ಚೌಕ, ಎರಡೂ 64. 10 ಇಂಚಿನ ದುಂಡು 9 ಇಂಚಿನ ಚೌಕಕ್ಕೆ ಹತ್ತಿರ, 8 ಇಂಚಿನ ದುಂಡು 7 ಇಂಚಿನ ಚೌಕಕ್ಕೆ ಹತ್ತಿರ. ದುಂಡನೆಯದರಿಂದ ಚೌಕಕ್ಕೆ ಹೋಗುವಾಗ ಒಂದು ಇಂಚು ಕಡಿಮೆ ಮಾಡಿ, ಚೌಕದಿಂದ ದುಂಡನೆಗೆ ಬರುವಾಗ ಒಂದು ಇಂಚು ಹೆಚ್ಚಿಸಿ. ಮನೆಯಲ್ಲಿ ಬಳಸುವ 7ರಿಂದ 10 ಇಂಚಿನ ಅಳತೆಗಳಿಗೆಲ್ಲ ಈ ನಿಯಮ ಸಾಕು.

ಮೊದಲ ಆಯ್ಕೆ: ಅಷ್ಟೇ ವಿಸ್ತೀರ್ಣದ ಬೇರೆ ಟಿನ್

ಇದು ಸಾಧ್ಯವಿದ್ದರೆ ಬೇರೆ ಯಾವುದನ್ನೂ ಯೋಚಿಸಬೇಡಿ. ವಿಸ್ತೀರ್ಣದ ವ್ಯತ್ಯಾಸ ಶೇಕಡಾ 10ರ ಒಳಗಿದ್ದರೆ ರೆಸಿಪಿಯನ್ನು ಮುಟ್ಟಬೇಕಾಗಿಲ್ಲ, ಐದು ನಿಮಿಷ ಮೊದಲೇ ಒಮ್ಮೆ ಇಣುಕಿದರೆ ಸಾಕು. 9 ಇಂಚಿನ ಎರಡು ದುಂಡನೆ ಟಿನ್ನುಗಳ ಮಿಶ್ರಣ (ಒಟ್ಟು 127) ಒಂದೇ 9×13 ಟಿನ್ನಿಗೆ (117) ಸಲೀಸಾಗಿ ಹೊಂದುತ್ತದೆ. 8 ಇಂಚಿನ ಎರಡು ಟಿನ್ನುಗಳದ್ದಾದರೆ (101) ಸ್ವಲ್ಪ ತೆಳ್ಳಗೆ ಹರಡುತ್ತದೆ, ಅದೂ ನಡೆಯುತ್ತದೆ.

ಚೌಕ ಮತ್ತು ಆಯತದ ಟಿನ್ನುಗಳಲ್ಲಿ ಮೂಲೆಗಳ ಮೇಲೆ ಕಣ್ಣಿರಲಿ. ಅಲ್ಲಿ ಎರಡು ಬದಿಗಳಿಂದ ಶಾಖ ಬರುವುದರಿಂದ ನಡುಭಾಗ ಬೇಯುವ ಮೊದಲೇ ಕಂದು ಹಿಡಿಯುತ್ತದೆ. ಮಿಶ್ರಣ ಸುರಿದ ಮೇಲೆ ಚಮಚದ ಬೆನ್ನಿನಿಂದ ನಡುವಿನಿಂದ ಮೂಲೆಗಳತ್ತ ಸ್ವಲ್ಪ ತಳ್ಳಿ, ಮೂಲೆಗಳು ತುಸು ಎತ್ತರವಾಗಿರಲಿ. ಇದರಿಂದ ಕೇಕಿನ ಮೇಲ್ಭಾಗವೂ ಸಮನಾಗಿ ಬರುತ್ತದೆ.

ಎರಡನೆಯದು: ಟಿನ್ನಿಗೆ ತಕ್ಕಂತೆ ರೆಸಿಪಿಯನ್ನು ಹಿಗ್ಗಿಸುವುದು, ಕುಗ್ಗಿಸುವುದು

ಹೊಸ ಟಿನ್ನಿನ ವಿಸ್ತೀರ್ಣವನ್ನು ಹಳೆಯದರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಪ್ರತಿಯೊಂದು ಸಾಮಗ್ರಿಯನ್ನೂ ಗುಣಿಸಿ. ಕಾಗದದ ಮೇಲೆ ಇದು ಇಷ್ಟೇ. ಅಡುಗೆಮನೆಯಲ್ಲಿ ಅಡ್ಡ ಬರುವುದು ಮೊಟ್ಟೆ.

175 ಗ್ರಾಂ ಬೆಣ್ಣೆ, 175 ಗ್ರಾಂ ಸಕ್ಕರೆ, 175 ಗ್ರಾಂ ಮೈದಾ, 3 ಮೊಟ್ಟೆ, ಒಂದೆರಡು ಚಮಚ ಹಾಲು ಹಾಕಿ ಮಾಡುವ ಸಾದಾ ಬೆಣ್ಣೆ ಕೇಕನ್ನೇ ತೆಗೆದುಕೊಳ್ಳಿ. ಒಟ್ಟು ಮಿಶ್ರಣ ಸುಮಾರು 700 ಗ್ರಾಂ. 8 ಇಂಚಿನ ದುಂಡನೆ ಟಿನ್ನಿನಲ್ಲಿ ಇದು ಎರಡೂವರೆ ಸೆಂಟಿಮೀಟರಿನಷ್ಟು ನಿಂತು, 180 ಡಿಗ್ರಿಯಲ್ಲಿ 35–40 ನಿಮಿಷಕ್ಕೆ ಬೇಯುತ್ತದೆ. 9 ಇಂಚಿಗೆ ಹಿಗ್ಗಿಸಬೇಕೆಂದರೆ 64ನ್ನು 50ರಿಂದ ಭಾಗಿಸಿ, ಸುಮಾರು 1.27. ಅಂದರೆ 3.8 ಮೊಟ್ಟೆ! ಇಲ್ಲಿ 1.27ಕ್ಕೆ ಅಂಟಿಕೊಳ್ಳಬೇಡಿ. 4 ಮೊಟ್ಟೆ ಎಂದು ಮೊದಲು ತೀರ್ಮಾನಿಸಿ, ಉಳಿದದ್ದನ್ನೆಲ್ಲ ಅದರ ಹಿಂದೆ ನಡೆಸಿ: ಮೂರಕ್ಕೆ ಬದಲು ನಾಲ್ಕು, ಹಾಗಾಗಿ 175 ಗ್ರಾಂ ಇದ್ದಲ್ಲೆಲ್ಲ 233 ಗ್ರಾಂ, 1 ಟೀ ಚಮಚ ಬೇಕಿಂಗ್ ಪೌಡರ್ ಇದ್ದಲ್ಲಿ ಒಂದೂಮೂರನೇ ಒಂದು ಚಮಚ. ದಪ್ಪ ಶೇಕಡಾ 5ರಷ್ಟು ಹೆಚ್ಚಾಗಬಹುದು, ನಾಲ್ಕೈದು ನಿಮಿಷದಲ್ಲಿ ಅದು ಸರಿಹೋಗುತ್ತದೆ.

ಅದೇ ಕೇಕು 6 ಇಂಚಿನ ಟಿನ್ನಿಗಾದರೆ 0.56, ಅಂದರೆ 1.7 ಮೊಟ್ಟೆ. 2 ಮೊಟ್ಟೆ ಹಾಕಿ, ಬೆಣ್ಣೆ, ಸಕ್ಕರೆ, ಮೈದಾ ತಲಾ 117 ಗ್ರಾಂ ತೆಗೆದುಕೊಳ್ಳಿ. ಮಿಶ್ರಣ ಬೇಕಾದದ್ದಕ್ಕಿಂತ 75–80 ಗ್ರಾಂ ಹೆಚ್ಚಾಗುತ್ತದೆ. ಟಿನ್ 3 ಇಂಚು ಎತ್ತರದ್ದಾದರೆ ಎಲ್ಲವನ್ನೂ ಹಾಕಬಹುದು. 2 ಇಂಚಿನದಾದರೆ ಆ ಹೆಚ್ಚುವರಿಯನ್ನು ಒಂದೆರಡು ಕಪ್‌ಕೇಕ್ ಅಚ್ಚಿಗೆ ಸುರಿಯಿರಿ.

ಮೊಟ್ಟೆಯನ್ನು ಒಡೆದು ಭಾಗ ಮಾಡಲೇಬೇಕಾದ ಸಂದರ್ಭವೂ ಬರುತ್ತದೆ. ಸಿಪ್ಪೆ ತೆಗೆದ ಮಧ್ಯಮ ಗಾತ್ರದಿಂದ ದೊಡ್ಡ ಗಾತ್ರದ ಮೊಟ್ಟೆ ಹತ್ತಿರ ಹತ್ತಿರ 50 ಗ್ರಾಂ ತೂಗುತ್ತದೆ. ಬಟ್ಟಲಿಗೆ ಒಡೆದು, ಹಳದಿ ಬಿಳಿ ಪೂರ್ತಿ ಬೆರೆಯುವವರೆಗೆ ಫೋರ್ಕಿನಿಂದ ಕಲಕಿ, ಬೇಕಾದಷ್ಟು ಗ್ರಾಂ ತೂಗಿ ತೆಗೆಯಿರಿ. ಕಲಕದೆ ಸುರಿದರೆ ಬಿಳಿಯ ಲೋಳೆ ಒಂದೇ ಸಲ ಜಾರಿ ಬಿದ್ದು ಹಳದಿ ಬಟ್ಟಲಲ್ಲೇ ಉಳಿಯುತ್ತದೆ, ಕೇಕಿಗೆ ಕೊಬ್ಬು ಕಡಿಮೆ ಬೀಳುತ್ತದೆ.

ಕಪ್ಪು, ಚಮಚಗಳಲ್ಲಿ ಬರೆದ ರೆಸಿಪಿಯನ್ನು ಹಿಗ್ಗಿಸುವ ಮೊದಲು ಗ್ರಾಂಗೆ ತಂದುಕೊಳ್ಳುವುದು ಒಳ್ಳೆಯದು. ಮುಕ್ಕಾಲು ಕಪ್ಪಿನ ಮೂರನೇ ಎರಡು ಭಾಗ ಎಷ್ಟು ಎಂದು ಕೈ ಹಿಟ್ಟಾದಾಗ ಯೋಚಿಸುತ್ತ ನಿಲ್ಲುವುದು ಬೇಡ.

ಮೂರನೆಯದು: ರೆಸಿಪಿ ಹಾಗೆಯೇ, ಸಮಯ ಮಾತ್ರ ಬೇರೆ

ವ್ಯತ್ಯಾಸ ಮೂರನೇ ಒಂದು ಭಾಗದೊಳಗಿದ್ದರೆ ಮತ್ತು ಕೇಕು ಸ್ವಲ್ಪ ತೆಳುವಾದರೂ, ದಪ್ಪವಾದರೂ ನಿಮಗೆ ತೊಂದರೆಯಿಲ್ಲವಾದರೆ ಈ ದಾರಿ ಸುಲಭ. ಮೇಲಿನ 700 ಗ್ರಾಂ ಮಿಶ್ರಣವನ್ನೇ ಬೇರೆ ಬೇರೆ ಟಿನ್ನುಗಳಿಗೆ ಹಾಕಿದರೆ ಏನಾಗುತ್ತದೆಂದು ನೋಡಿ.

9 ಇಂಚಿನ ದುಂಡು ಅಥವಾ 8 ಇಂಚಿನ ಚೌಕದಲ್ಲಿ ಅದು 2 ಸೆಂಟಿಮೀಟರಿಗಿಂತ ಕಡಿಮೆ ನಿಲ್ಲುತ್ತದೆ. ಶಾಖ 180 ಡಿಗ್ರಿಯೇ ಇರಲಿ, 22ನೇ ನಿಮಿಷಕ್ಕೇ ನೋಡಲು ಶುರುಮಾಡಿ. 7 ಇಂಚಿನ ದುಂಡಿನಲ್ಲಿ 3 ಸೆಂಟಿಮೀಟರ್ ದಾಟುತ್ತದೆ, ಶಾಖವನ್ನು 165–170ಕ್ಕೆ ಇಳಿಸಿ, 45–50 ನಿಮಿಷ ಹಿಡಿಯಬಹುದು. 6 ಇಂಚಿನ, 2 ಇಂಚು ಎತ್ತರದ ಟಿನ್ನಿನಲ್ಲಿ 4 ಸೆಂಟಿಮೀಟರ್ ಮೀರುತ್ತದೆ. ಟಿನ್ನಿನ ಎತ್ತರವೇ 5 ಸೆಂಟಿಮೀಟರ್ ಇರುವಾಗ ಉಬ್ಬಲು ಜಾಗವೆಲ್ಲಿ? ಇದು ಉಕ್ಕಿ ಓವನ್ನಿನ ತಳಕ್ಕೆ ಸುರಿಯುತ್ತದೆ. ಇಲ್ಲಿ ಈ ದಾರಿಯನ್ನು ಬಿಟ್ಟೇಬಿಡಿ.

ಉಬ್ಬುವ ಕೇಕಿನ ಮಿಶ್ರಣ ಟಿನ್ನಿನ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬಾರದು, ಮೂರನೇ ಎರಡು ಭಾಗಕ್ಕಿಂತ ಹೆಚ್ಚಿರಬಾರದು. ಹೆಚ್ಚಾದರೆ ಉಕ್ಕುತ್ತದೆ, ಅದನ್ನು ಎಲ್ಲರೂ ಬಲ್ಲರು. ಕಡಿಮೆಯಾದರೂ ಕೆಡುತ್ತದೆ ಎಂಬುದನ್ನು ಮರೆಯುತ್ತಾರೆ. ಎತ್ತರದ ಬದಿಗಳು ಮೇಲ್ಮೈಗೆ ಶಾಖ ತಾಗದಂತೆ ಮರೆಮಾಡುತ್ತವೆ, ಮೇಲ್ಭಾಗ ಬೆಳ್ಳಗೇ ಉಳಿಯುತ್ತದೆ. ಬಣ್ಣ ಬರಲಿ ಎಂದು ಕಾಯುವಷ್ಟರಲ್ಲಿ ಒಳಗಿನ ತೇವ ಹೋಗಿರುತ್ತದೆ.

ದಪ್ಪ ಹೆಚ್ಚಾದಾಗ ಶಾಖ ಇಳಿಸುವುದೇಕೆ? ಗಾಳಿಗುಳ್ಳೆ ತುಂಬಿದ ಮಿಶ್ರಣ ಶಾಖವನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಓವನ್ ಜೋರಾಗಿದ್ದರೆ ಹೊರಪದರ ಬೇಗ ಗಟ್ಟಿಯಾಗಿ ನಿಂತುಬಿಡುತ್ತದೆ, ನಡುವಿನ ಹಸಿ ಮಿಶ್ರಣ ತಡವಾಗಿ ಉಬ್ಬಿ ಮೇಲ್ಪದರವನ್ನು ಸೀಳಿಕೊಂಡು ಬರುತ್ತದೆ. ಅದರಿಂದಲೇ ನಡುವೆ ಗುಡ್ಡ, ಗುಡ್ಡದ ಮೇಲೊಂದು ಬಿರುಕು. ಬೇಯುವ ಮೊದಲೇ ಹೊರತೆಗೆದರೆ ಗುಡ್ಡ ಹಳ್ಳವಾಗುತ್ತದೆ. ಅಂಥ ಕೇಕನ್ನು ತಣಿದ ಮೇಲೆ ಕೊಯ್ದು ನೋಡಿ: ಮೇಲೆ ಸಣ್ಣ ಸಣ್ಣ ರಂಧ್ರಗಳಿರುವ ಹಗುರ ಭಾಗ, ಅದರ ಕೆಳಗೆ ತಳದ ಹತ್ತಿರ ಬೆರಳಗಲದ ಹೊಳೆಯುವ ಪಟ್ಟಿ. ಆ ಪಟ್ಟಿಯಲ್ಲಿ ಒಂದು ರಂಧ್ರವೂ ಇರುವುದಿಲ್ಲ, ಬೆರಳಿಂದ ಒತ್ತಿದರೆ ಗುರುತು ಹಾಗೇ ಉಳಿಯುತ್ತದೆ, ಬಾಯಲ್ಲಿ ಅಂಟುತ್ತದೆ. ಇದಕ್ಕೆ ಬೇಕಿಂಗ್ ಪೌಡರನ್ನೋ ಮೈದಾವನ್ನೋ ದೂರುವವರಿದ್ದಾರೆ. ಟಿನ್ ಚಿಕ್ಕದಾಗಿತ್ತೇ ಎಂದು ಮೊದಲು ಕೇಳಿಕೊಳ್ಳಿ.

ಎಷ್ಟು ನಿಮಿಷ ಎಂಬ ಲೆಕ್ಕವೆಲ್ಲ ಅಂದಾಜು. ರೆಸಿಪಿಯ ಸಮಯದ ಮೂರನೇ ಎರಡು ಭಾಗ ಮುಗಿದಾಗ ಗಾಜಿನ ಬಾಗಿಲಿನಿಂದಲೇ ಮೊದಲ ಸಲ ನೋಡಿ. ನಡುಭಾಗ ಇನ್ನೂ ಅಲುಗಾಡುತ್ತಿದ್ದರೆ ಬಾಗಿಲು ತೆರೆಯಬೇಡಿ. ಬದಿ ಟಿನ್ನಿನಿಂದ ಸ್ವಲ್ಪ ಬಿಡುತ್ತಿದ್ದರೆ, ಮೇಲೆ ಬೆರಳಿಟ್ಟಾಗ ಪುಟಿದು ಬಂದರೆ, ನಡುವೆ ಚುಚ್ಚಿದ ಕಡ್ಡಿಗೆ ಹಸಿ ಅಂಟದಿದ್ದರೆ ಆಯಿತು. ಥರ್ಮಾಮೀಟರ್ ಇದ್ದವರಿಗೆ ಸುಲಭ: ಬೆಣ್ಣೆ ಕೇಕಿನ ನಡುಭಾಗ 96ರಿಂದ 98 ಡಿಗ್ರಿ ತೋರಿಸಿದರೆ ಬೆಂದಿದೆ, ಟಿನ್ ಯಾವುದಾದರೂ ಸರಿ. ಈ ಶಾಖಗಳೆಲ್ಲ ಫ್ಯಾನ್ ಇಲ್ಲದ ಓವನ್ನಿಗೆ. ಫ್ಯಾನ್ ಹಾಕಿದರೆ 20 ಡಿಗ್ರಿ ಕಡಿಮೆ ಇಡಿ.

ನಾಲ್ಕನೆಯದು: ಹಂಚುವುದು, ಅಥವಾ ಟಿನ್ನನ್ನೇ ಚಿಕ್ಕದು ಮಾಡುವುದು

ಟಿನ್ ತೀರಾ ಚಿಕ್ಕದಾಗಿದ್ದರೆ ಕಪ್‌ಕೇಕ್ ಅಚ್ಚುಗಳಷ್ಟು ನಂಬಿಕಸ್ಥ ದಾರಿ ಇನ್ನೊಂದಿಲ್ಲ. ಸಾಧಾರಣ ಅಚ್ಚು 100 ಮಿ.ಲೀ. ಆಸುಪಾಸು ಹಿಡಿಯುತ್ತದೆ. ಪ್ರತಿಯೊಂದಕ್ಕೂ 55–60 ಗ್ರಾಂ ಹಾಕಿದರೆ 700 ಗ್ರಾಂ ಮಿಶ್ರಣಕ್ಕೆ 12 ಕಪ್‌ಕೇಕ್. 180 ಡಿಗ್ರಿಯಲ್ಲಿ 15ನೇ ನಿಮಿಷದಿಂದ ನೋಡಿ, 18–20ಕ್ಕೆ ಆಗುತ್ತದೆ.

ಎರಡು ಕಂತಿನಲ್ಲಿ ಬೇಯಿಸುವುದಾದರೆ ಎರಡನೆಯ ಕಂತಿನ ಮಿಶ್ರಣ ಕಾಯಬೇಕಾಗುತ್ತದೆ. ಮೊಟ್ಟೆಯನ್ನು ನೊರೆ ಬರುವಂತೆ ಬಡಿದು ಮಾಡುವ ಸ್ಪಂಜಿಗೆ ಇದು ಆಗದು, ಕಾಯುತ್ತ ಕಾಯುತ್ತ ನೊರೆ ಇಳಿದುಹೋಗುತ್ತದೆ. ಮೊಸರು ಅಥವಾ ನಿಂಬೆರಸದ ಜೊತೆ ಬೇಕಿಂಗ್ ಸೋಡಾ ಇರುವ ಮಿಶ್ರಣವೂ ಅಷ್ಟೇ, ಸೋಡಾ ಹುಳಿ ಸೇರಿದ ಕೂಡಲೇ ಅನಿಲ ಬಿಡಲು ತೊಡಗುತ್ತದೆ. ಬೇಕಿಂಗ್ ಪೌಡರ್ ಹಾಕಿದ ಬೆಣ್ಣೆ ಕೇಕಿನ ಮಿಶ್ರಣವನ್ನು ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಡಬಹುದು.

ಟಿನ್ ದೊಡ್ಡದಾಗಿದ್ದು ರೆಸಿಪಿ ಚಿಕ್ಕದೇ ಇರಬೇಕೆಂದರೆ ಫಾಯಿಲಿನ ಅಡ್ಡಗೋಡೆ ಕಟ್ಟಿ. ಆಯತದ ಟಿನ್ನಿಗೆ ಮಾತ್ರ ಇದು ಚೆನ್ನಾಗಿ ಒಗ್ಗುತ್ತದೆ. 8 ಇಂಚಿನ ಚೌಕದ ಬ್ರೌನಿ 9×13 ಟಿನ್ನಿನಲ್ಲಿ ಆಗಬೇಕೆಂದುಕೊಳ್ಳಿ. ಬೇಕಾದದ್ದು 64 ಚದರ ಇಂಚು, ಅಗಲ 9, ಹಾಗಾಗಿ ಗೋಡೆ 7 ಇಂಚಿನಲ್ಲಿ ನಿಲ್ಲಬೇಕು. ಫಾಯಿಲನ್ನು ಐದಾರು ಮಡಿಕೆ ಮಡಚಿ ಟಿನ್ನಿನ ಎತ್ತರದ ಪಟ್ಟಿ ಮಾಡಿ, ಎರಡೂ ತುದಿಗಳನ್ನು ಬದಿಗೆ ಬಾಗಿಸಿ ಒತ್ತಿ. ಗೋಡೆಯ ಮೇಲೂ ಹಾದುಹೋಗುವಂತೆ ಬಟರ್ ಪೇಪರ್ ಹಾಸಿ. ಆಚೆಯ ಖಾಲಿ ಜಾಗದಲ್ಲಿ ಒಣ ಕಾಳು ತುಂಬಿ ಅಥವಾ ಓವನ್ನಿಗೆ ಹೊಂದುವ ಬಟ್ಟಲು ಇಡಿ. ಆಧಾರವಿಲ್ಲದಿದ್ದರೆ ಮಿಶ್ರಣದ ಭಾರಕ್ಕೆ ಗೋಡೆ ವಾಲಿಕೊಳ್ಳುತ್ತದೆ. ಗಟ್ಟಿ ಮಿಶ್ರಣಕ್ಕೆ ಇದು ಸರಿ, ನೀರಾಗಿ ಹರಿಯುವ ಮಿಶ್ರಣ ಸಂದಿಯಲ್ಲಿ ನುಸುಳುತ್ತದೆ.

ಯಾವ ಕೇಕಿಗೆ ಯಾವ ದಾರಿ

ಬ್ರೌನಿಗೆ ದಪ್ಪವೇ ಜೀವ. 8 ಇಂಚಿನ ಚೌಕದಿಂದ 9 ಇಂಚಿನ ಚೌಕಕ್ಕೆ ಹೋದರೆ ವಿಸ್ತೀರ್ಣ ಕಾಲು ಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ, ನಡುವಿನ ಮೆತ್ತನೆಯ ಭಾಗ ಕಾಣೆಯಾಗಿ ಎಲ್ಲ ತುಂಡೂ ಅಂಚಿನ ತುಂಡಿನಂತಾಗುತ್ತದೆ. ರೆಸಿಪಿಯನ್ನು ಹಿಗ್ಗಿಸಿ, ಇಲ್ಲವೇ ಗೋಡೆ ಕಟ್ಟಿ. ಸಮಯ ಮಾತ್ರ ತಿದ್ದುವ ದಾರಿಯನ್ನು ಬ್ರೌನಿಗೆ ನಾವು ಹೇಳುವುದಿಲ್ಲ.

ಸ್ವಿಸ್ ರೋಲಿನದು ಇನ್ನೂ ಬಿಗಿ. 10×15 ಟ್ರೇಗೆ ಬರೆದ 4 ಮೊಟ್ಟೆಯ ಸ್ಪಂಜನ್ನು 9×13ಕ್ಕೆ ಸುರಿದರೆ ದಪ್ಪ ಕಾಲು ಭಾಗಕ್ಕಿಂತ ಹೆಚ್ಚಾಗಿ, ಸುತ್ತುವಾಗ ಬಿರಿಯುತ್ತದೆ. ಅದೃಷ್ಟಕ್ಕೆ ಲೆಕ್ಕ ಇಲ್ಲಿ ಚೊಕ್ಕವಾಗಿದೆ: 117ನ್ನು 150ರಿಂದ ಭಾಗಿಸಿದರೆ 0.78, ಅಂದರೆ 3 ಮೊಟ್ಟೆ ಮತ್ತು ಉಳಿದೆಲ್ಲದರ ಮುಕ್ಕಾಲು.

ಬ್ರೆಡ್ ಆಕಾರದ ಲೋಫ್ ಟಿನ್ನಿಗೆ ವಿಸ್ತೀರ್ಣದ ಲೆಕ್ಕ ಬಳಸಬೇಡಿ. ತಳ ಕಿರಿದು, ಮಿಶ್ರಣ ಎತ್ತರಕ್ಕೆ ನಿಂತಿರುತ್ತದೆ, ಆದ್ದರಿಂದ ಅಳವಿಯನ್ನು ಹೋಲಿಸಿ. ಎತ್ತರ ಒಂದೇ ಇದ್ದರೆ 9×5 ಇಂಚಿನದು 8½×4½ ಇಂಚಿನದಕ್ಕಿಂತ ಹೆಚ್ಚುಕಡಿಮೆ ಐದನೇ ಒಂದು ಭಾಗ ಹೆಚ್ಚು ಹಿಡಿಯುತ್ತದೆ, ಕಣ್ಣಿಗೆ ಎರಡೂ ಒಂದೇ ಥರ ಕಂಡರೂ. ಚಿಕ್ಕ ಲೋಫಿನ ಬಾಳೆಹಣ್ಣಿನ ಕೇಕು 8 ಇಂಚಿನ ದುಂಡನೆ ಟಿನ್ನಿಗೆ ಚೆನ್ನಾಗಿ ಹೊಂದುತ್ತದೆ. ಒಂದು ಗಂಟೆ ಹಿಡಿಯುತ್ತಿದ್ದದ್ದು 35–40 ನಿಮಿಷಕ್ಕೆ ಬರುತ್ತದೆ. ತಿರುವುಮುರುವು ಮಾಡಿದಾಗ, ಅಂದರೆ ದುಂಡನೆ ಟಿನ್ನಿನ ಕೇಕನ್ನು ಲೋಫಿಗೆ ಹಾಕಿದಾಗ, 160–165 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ, ಮೇಲೆ ಬಣ್ಣ ಬಂದ ಕೂಡಲೇ ಫಾಯಿಲನ್ನು ಸಡಿಲವಾಗಿ ಹೊದಿಸಿ.

ಬಂಟ್ ಟಿನ್ನಿನ ಕೊಳವೆ ನಡುಭಾಗಕ್ಕೂ ಶಾಖ ಒಯ್ಯುತ್ತದೆ. ಆ ರೆಸಿಪಿಗಳು ಭಾರವಾದ ಮಿಶ್ರಣದವು, ಎಲ್ಲವನ್ನೂ ಒಂದೇ ಆಳದ ದುಂಡನೆ ಟಿನ್ನಿಗೆ ಸುರಿದರೆ ನಡುವೆ ಹಸಿ ಉಳಿಯುತ್ತದೆ. ಎರಡು ಲೋಫ್ ಅಥವಾ 8 ಇಂಚಿನ ಎರಡು ಟಿನ್ನುಗಳಿಗೆ ಹಂಚಿ.

ಎಣ್ಣೆ ಮತ್ತು ನೊರೆ ಬರುವಂತೆ ಬಡಿದ ಮೊಟ್ಟೆಯ ಬಿಳಿಯಿಂದ ಮಾಡುವ ಹಗುರವಾದ ಶಿಫಾನ್ ಕೇಕಿಗೆ ಕೊಳವೆ ಟಿನ್ ಬೇಕೇ ಬೇಕೆಂದೇ ನಮ್ಮ ಸಲಹೆ. ಎಣ್ಣೆ ಸವರದ ಬದಿಗಳಿಗೆ ಅಂಟಿಕೊಂಡು ಅದು ಮೇಲೇರುತ್ತದೆ, ತಲೆಕೆಳಗಾಗಿ ತೂಗಿ ತಣಿಯುತ್ತದೆ. ನಾನ್‌ಸ್ಟಿಕ್ ಟಿನ್ನಿನಲ್ಲಿ ಅಂಟಲು ಹಿಡಿತ ಸಿಗದೆ ಕುಸಿಯುತ್ತದೆ.

ಚೀಸ್‌ಕೇಕ್ ಹೆಚ್ಚು ಉಬ್ಬುವುದಿಲ್ಲ, ಅಂಚಿನಿಂದ ಒಂದು ಸೆಂಟಿಮೀಟರ್ ಬಿಟ್ಟು ತುಂಬಬಹುದು. 9 ಇಂಚಿನದನ್ನು 8ಕ್ಕೆ ಹಾಕಿದರೆ ಎತ್ತರವಾಗುತ್ತದೆ, ಅಷ್ಟೇ. ಶಾಖ ಏರಿಸದೆ ಸಮಯ ಕೊಡಿ, ನಡುಭಾಗ 65–70 ಡಿಗ್ರಿ ಮುಟ್ಟಿ ಸ್ವಲ್ಪ ನಡುಗುತ್ತಿರುವಾಗಲೇ ಓವನ್ ಆರಿಸಿ.

ದೊಡ್ಡ ಟಿನ್ ಮತ್ತು ಬೇಕಿಂಗ್ ಪೌಡರ್

ಒಂದೂವರೆ ಪಟ್ಟಿನವರೆಗೆ ಎಲ್ಲವನ್ನೂ ಸಮನಾಗಿ ಹಿಗ್ಗಿಸಿ. ಅದಕ್ಕೂ ಮೀರಿ, 10–12 ಇಂಚಿನ ಒಂದೇ ದೊಡ್ಡ ಟಿನ್ನಿಗೆ ಹೋದಾಗ ಬೇಕಿಂಗ್ ಪೌಡರನ್ನು ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಹಾಕುವುದು ಬಲ್ಲವರ ರೂಢಿ. ದೊಡ್ಡ ಕೇಕಿನ ನಡುಭಾಗ ಗಟ್ಟಿಯಾಗಲು ತಡವಾಗುತ್ತದೆ. ಅಷ್ಟರೊಳಗೆ ಅನಿಲ ಹೆಚ್ಚಾದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಒಡೆದು ನಡು ಕುಸಿಯುತ್ತದೆ.

ಅಳತೆ ಒಂದೇ, ಲೋಹ ಬೇರೆ

ಗಾತ್ರ ಸರಿಹೊಂದಿದರೂ ಟಿನ್ ಯಾವುದರಿಂದ ಮಾಡಿದ್ದು ಎಂಬುದು ಲೆಕ್ಕ ತಪ್ಪಿಸಬಹುದು. ತಿಳಿ ಬಣ್ಣದ ಅಲ್ಯೂಮಿನಿಯಂ ಸಮನಾಗಿ ಬೇಯಿಸುತ್ತದೆ, ಹೆಚ್ಚಿನ ರೆಸಿಪಿಗಳ ಸಮಯ ಅದಕ್ಕೇ ಹೊಂದುತ್ತದೆ. ಕಪ್ಪು ಲೇಪದ ಟಿನ್ ಶಾಖವನ್ನು ಹೆಚ್ಚು ಹೀರಿಕೊಂಡು ತಳ ಮತ್ತು ಬದಿಯನ್ನು ಬೇಗ ಕಂದಾಗಿಸುತ್ತದೆ, 10–15 ಡಿಗ್ರಿ ಇಳಿಸಿ. ಗಾಜಿನ ಪಾತ್ರೆ ನಿಧಾನವಾಗಿ ಕಾದು, ಹೊರತೆಗೆದ ಮೇಲೂ ಕಾದೇ ಇರುತ್ತದೆ. ಅದಕ್ಕೂ 15 ಡಿಗ್ರಿ ಕಡಿಮೆ ಮಾಡಿ, ಕೇಕನ್ನು ಅದರಲ್ಲೇ ಬಹಳ ಹೊತ್ತು ಬಿಡಬೇಡಿ. ಫ್ರಿಜ್ಜಿನಿಂದ ತೆಗೆದ ಗಾಜನ್ನು ನೇರ ಬಿಸಿ ಓವನ್ನಿಗಿಟ್ಟರೂ, ಬಿಸಿ ಗಾಜನ್ನು ಒದ್ದೆ ಕಟ್ಟೆಯ ಮೇಲಿಟ್ಟರೂ ಸಿಡಿಯಬಹುದು. ಸಿಲಿಕೋನ್ ಅಚ್ಚಿನಲ್ಲಿ ಬಣ್ಣ ಹಿಡಿಯುವುದು ತಡ. ಅದನ್ನು ಲೋಹದ ಟ್ರೇ ಮೇಲಿಟ್ಟ ನಂತರವೇ ಮಿಶ್ರಣ ಸುರಿಯಿರಿ. ಮೊದಲೇ ತುಂಬಿ ಆಮೇಲೆ ಎತ್ತಲು ಹೋದರೆ ಅಚ್ಚು ಮಡಚಿಕೊಂಡು ಅರ್ಧ ಮಿಶ್ರಣ ಹೊರಚೆಲ್ಲುತ್ತದೆ.